ಪಣಂಬೂರಿನ ಎಣ್ಣೆ, ಪೋರ್ಟ್ ಲೂಯಿಯ ಲೆಕ್ಕ

ಮಂಗಳೂರಿನ ಪಣಂಬೂರಿನಲ್ಲಿ ಎಣ್ಣೆ ತುಂಬಿಕೊಂಡ ಹಡಗು ನೈಋತ್ಯಕ್ಕೆ ತಿರುಗಿ ಸುಮಾರು 4,100 ಕಿ.ಮೀ. ಸಾಗಿದರೆ ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿ ಸಿಗುತ್ತದೆ. ಹೆಚ್ಚುಕಡಿಮೆ ಒಂದು ವಾರದ ದಾರಿ. 2007ರಿಂದ 2019ರವರೆಗೆ, ಹನ್ನೆರಡು ವರ್ಷ, ಆ ದೇಶದ ಬಸ್ಸು, ಕಾರುಗಳು ಓಡಿದ್ದು, ವಿಮಾನಗಳು ಹಾರಿದ್ದು ಈ ದಾರಿಯಲ್ಲಿ ಹೋದ ಎಣ್ಣೆಯಿಂದ. ಕೊಡಗಿನ ಅರ್ಧದಷ್ಟು ವಿಸ್ತಾರ, ಪುಣೆ ನಗರದ ಅರ್ಧಕ್ಕಿಂತಲೂ ಕಡಿಮೆ ಜನ ಇರುವ ಒಂದು ದೇಶ ತನ್ನ ಇಂಧನದ ಪೂರ್ತಿ ಅಗತ್ಯವನ್ನು ನಮ್ಮ ಕುತ್ತೆತ್ತೂರು–ಕಾಟಿಪಳ್ಳದ ಎಂಆರ್‌ಪಿಎಲ್‌ಗೆ ವಹಿಸಿಕೊಟ್ಟಿತ್ತು. ಇದು ಕರ್ನಾಟಕದಲ್ಲೇ ಎಷ್ಟು ಜನಕ್ಕೆ ಗೊತ್ತಿದೆಯೋ, ಹೊರಗಿರುವ ನಮಗಂತೂ ಗೊತ್ತಾಗುವ ಸಂಭವ ಕಡಿಮೆ.

ಈ ವಿಷಯ ಈಗ ಎತ್ತಲು ಕಾರಣವಿದೆ. 2025ರ ಸೆಪ್ಟೆಂಬರ್‌ನಲ್ಲಿ ಮಾರಿಷಸ್ ಪ್ರಧಾನಿ ನವೀನಚಂದ್ರ ರಾಮಗೂಲಂ ವಾರಾಣಸಿಗೆ ಬಂದಾಗ ಭಾರತ ಸುಮಾರು 68 ಕೋಟಿ ಡಾಲರ್‌ನ ವಿಶೇಷ ಆರ್ಥಿಕ ನೆರವು ಪ್ರಕಟಿಸಿತು. ಆವತ್ತಿನಿಂದ ಈವರೆಗೆ, ಕೋಥರೂಡದ ನಮ್ಮ ಸೊಸೈಟಿಯ ಗುಂಪಿನಲ್ಲೂ ಆಫೀಸಿನ ಊಟದ ಮೇಜಿನಲ್ಲೂ ನಾನು ಕೇಳುತ್ತಿರುವುದು ಎರಡೇ ಮಾತು. ಒಂದು: ‘ನಮ್ಮ ರಸ್ತೆ ಗುಂಡಿ ಮುಚ್ಚಲು ದುಡ್ಡಿಲ್ಲ, ಅವರಿಗೆ ಯಾಕೆ ಕೊಡಬೇಕು?’ ಇನ್ನೊಂದು, ಮೇಲಿನ ಮಹಡಿಯ ನಿವೃತ್ತ ಕಾಕಾ ಹೇಳುವ ‘ಮಾರಿಷಸ್ ಆಪ್ಲಂಚ್ ಆಹೆ’, ಅಂದರೆ ಅದು ನಮ್ಮದೇ. ಎರಡೂ ಮಾತು ಸಾಲದು ಎಂದು ನನಗನ್ನಿಸುತ್ತದೆ. ದ್ವೀಪದೇಶಗಳ ಜೊತೆ ನಮ್ಮ ಸಂಬಂಧ ನಿಂತಿರುವುದು ದಾನದ ಮೇಲೂ ಅಲ್ಲ, ರಕ್ತಸಂಬಂಧದ ಮೇಲೂ ಅಲ್ಲ. ಅದು ಕರಾರುಗಳ ಮೇಲೆ ನಿಂತಿದೆ. ಯಾವ ಕರಾರನ್ನು ಆ ದ್ವೀಪದ ಜನ ಓದಬಹುದಿತ್ತೋ, ಬೇಡವೆನಿಸಿದಾಗ ಕೈಬಿಡಬಹುದಿತ್ತೋ ಅದು ಬಾಳಿದೆ. ಕಪಾಟಿನಲ್ಲಿ ಬೀಗ ಹಾಕಿಟ್ಟದ್ದು ನಮಗೇ ತಿರುಗಿ ಬಡಿದಿದೆ. ಇದಕ್ಕೆ ಉದಾಹರಣೆಗಳು ನಮ್ಮ ಊರುಗಳಲ್ಲೇ, ಅಂದರೆ ಮಂಗಳೂರು ಮತ್ತು ಬೆಂಗಳೂರಿನಲ್ಲೇ ಸಿಗುತ್ತವೆ.

ಮೊದಲು ಎಣ್ಣೆಯ ವಿಷಯ.

ಎಂಆರ್‌ಪಿಎಲ್ 1988ರಲ್ಲಿ ಹುಟ್ಟಿದ ಕಂಪನಿ. ಆಗ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆದಿತ್ಯ ಬಿರ್ಲಾ ಸಮೂಹದ ಜಂಟಿ ಸಾಹಸ, 2003ರಲ್ಲಿ ಒಎನ್‌ಜಿಸಿಯ ತೆಕ್ಕೆಗೆ ಬಂತು. ಈಗ ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯ ಅದಕ್ಕಿದೆ. ನಾನು ಸುರತ್ಕಲ್‌ನಲ್ಲಿ ಎಂಟೆಕ್ ಓದುವಾಗ ಸಂಜೆ ದೀಪಸ್ತಂಭದ ಬಂಡೆ ಹತ್ತಿ ಕೂತರೆ ದೂರದಲ್ಲಿ ಸರದಿಗೆ ಕಾಯುತ್ತ ಲಂಗರು ಹಾಕಿದ ಟ್ಯಾಂಕರ್‌ಗಳು ಕಾಣುತ್ತಿದ್ದವು. ಅವು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ನಾವ್ಯಾರೂ ಕೇಳಿಕೊಂಡದ್ದಿಲ್ಲ. ನಮಗೆ ಕ್ಯಾಂಪಸ್ ಇಂಟರ್‌ವ್ಯೂ ಚಿಂತೆ.

ಮಾರಿಷಸ್‌ನಲ್ಲಿ ಅಕ್ಕಿ, ಗೋಧಿಹಿಟ್ಟು, ಅಡುಗೆ ಅನಿಲ, ಪೆಟ್ರೋಲ್, ಡೀಸೆಲ್‌ನಂಥ ಮುಖ್ಯ ಸರಕುಗಳನ್ನು ತರಿಸುವ ಹೊಣೆ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಯದ್ದು. 2007ರಲ್ಲಿ ಆ ಸಂಸ್ಥೆ ಎಂಆರ್‌ಪಿಎಲ್ ಜೊತೆ ಮೂರು ವರ್ಷದ ಒಪ್ಪಂದ ಮಾಡಿಕೊಂಡಿತು. 2010, 2013, 2016ರಲ್ಲಿ ನವೀಕರಣವಾಯಿತು. ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್. ಮಂಗಳೂರಿನ ಲೆಕ್ಕದಲ್ಲಿ ಇದು ಒಟ್ಟು ಸಂಸ್ಕರಣೆಯ ಹದಿನೈದರಲ್ಲಿ ಒಂದು ಪಾಲು. ಮಾರಿಷಸ್‌ನ ಲೆಕ್ಕದಲ್ಲಿ ಇಡೀ ದೇಶ. ಚಿಕ್ಕ ದೇಶ, ದೊಡ್ಡ ಪಾಲುದಾರ ಎನ್ನುವಾಗ ನಾವು ಮರೆಯುವುದು ಈ ಅಸಮತೋಲನವನ್ನು. ನಮಗೆ ಅದೊಂದು ಗಿರಾಕಿ, ಅವರಿಗೆ ನಾವು ಏಕೈಕ ಅಂಗಡಿ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇಂಥದ್ದನ್ನು ಕಂಡರೆ ತಕ್ಷಣ ಕೆಂಪು ಗುರುತು ಹಾಕುತ್ತೇವೆ. ಒಂದೇ ಸರ್ವರ್ ಮೇಲೆ ಎಲ್ಲವೂ ನಿಂತಿದ್ದರೆ ಅದು ಬಿದ್ದ ದಿನ ಎಲ್ಲವೂ ಬೀಳುತ್ತದೆ. 2016ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿತು. ಮಂಗಳೂರಿನವರು ಅದನ್ನು ಮರೆತಿರಲಾರರು, ನಲ್ಲಿಯಲ್ಲಿ ನೀರಿಲ್ಲದೆ ದಿನ ಎಣಿಸಿದ ಬೇಸಿಗೆ ಅದು. ರಿಫೈನರಿಗೂ ಅದೇ ಹೊಳೆಯ ನೀರು, ಸರಪಾಡಿಯ ಅಣೆಕಟ್ಟೆಯಿಂದ ಬರುವಂಥದ್ದು. ನೀರು ಸಾಲದೆ ಘಟಕಗಳನ್ನು ನಿಲ್ಲಿಸಬೇಕಾಯಿತು. 2012ರಲ್ಲೂ 2019ರಲ್ಲೂ ಇದೇ ಕಥೆ. ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂದದ್ದು ಆಮೇಲೆ. ಪಶ್ಚಿಮ ಘಟ್ಟದಲ್ಲಿ ಮಳೆ ಹೇಗಾಯಿತು ಎನ್ನುವುದು 4,100 ಕಿ.ಮೀ. ಆಚೆಯ ದ್ವೀಪದ ಇಂಧನ ಭದ್ರತೆಗೆ ಸಂಬಂಧಿಸಿದ ಪ್ರಶ್ನೆಯಾಗಿತ್ತು ಎಂಬುದನ್ನು ಯೋಚಿಸಿ ನೋಡಿ. ಮುತ್ಸದ್ದಿಗಳ ಜಂಟಿ ಹೇಳಿಕೆಗಳಲ್ಲಿ ನೇತ್ರಾವತಿಯ ಹೆಸರು ಬರುವುದಿಲ್ಲ.

ಇನ್ನು ಹಡಗಿನ ಕಥೆ. ಇದು ಸ್ವಲ್ಪ ಉದ್ದ, ಆದರೆ ಹೇಳಲೇಬೇಕು.

ಮಂಗಳೂರಿನಿಂದ ಎಣ್ಣೆ ಸಾಗಿಸಲು ಮಾರಿಷಸ್‌ಗೆ ಒಂದು ನೆಚ್ಚಿಕೆಯ ಟ್ಯಾಂಕರ್ ಬೇಕಿತ್ತು. 2009ರ ನವೆಂಬರ್ 27ರಂದು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಅಲ್ಲಿನದೇ ಬೆಟಾಮ್ಯಾಕ್ಸ್ ಎಂಬ ಖಾಸಗಿ ಕಂಪನಿಯ ಜೊತೆ ಹದಿನೈದು ವರ್ಷದ ಸಾಗಾಟದ ಕರಾರು ಮಾಡಿಕೊಂಡಿತು. ಕಂಪನಿ ‘ರೆಡ್ ಈಗಲ್’ ಎಂಬ ಹೊಸ ಟ್ಯಾಂಕರ್ ತಂದಿತು. 2011ರಿಂದ ಅದು ಮಂಗಳೂರು–ಪೋರ್ಟ್ ಲೂಯಿ ನಡುವೆ ಓಡಾಡಿತು. ಆಗ ಅಲ್ಲಿ ಅಧಿಕಾರದಲ್ಲಿದ್ದದ್ದು ಇದೇ ರಾಮಗೂಲಂ. 2014ರ ಡಿಸೆಂಬರ್ ಚುನಾವಣೆಯಲ್ಲಿ ಅವರು ಸೋತರು, ಅನಿರುದ್ಧ ಜಗನ್ನಾಥ್ ಗೆದ್ದರು. ಹೊಸ ಸರ್ಕಾರ ಬಂದು ಎರಡು ತಿಂಗಳಾಗುವುದರೊಳಗೆ, 2015ರ ಜನವರಿ ಕೊನೆಯಲ್ಲಿ, ಸಾಗಾಟದ ಕರಾರನ್ನು ರದ್ದು ಮಾಡುವುದಾಗಿ ಪ್ರಕಟಿಸಿತು. ಸರ್ಕಾರಿ ಖರೀದಿ ಕಾನೂನನ್ನು ಮೀರಿ ಕೊಟ್ಟ ಗುತ್ತಿಗೆ ಇದು ಎಂಬುದು ವಾದ.

ಕಂಪನಿ ಸುಮ್ಮನಿರಲಿಲ್ಲ. ಸಿಂಗಪುರದ ಮಧ್ಯಸ್ಥಿಕೆ ಕೇಂದ್ರದ ನಿಯಮಗಳಡಿ ವಿಚಾರಣೆ ನಡೆದು 2017ರಲ್ಲಿ ಕಂಪನಿಗೆ ಸುಮಾರು 11.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಆದೇಶವಾಯಿತು. 2019ರ ಮೇ 31ರಂದು ಮಾರಿಷಸ್‌ನ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಯಿತು. ಸ್ವಾತಂತ್ರ್ಯಾನಂತರ ನಾವು ಕೈಬಿಟ್ಟ ಆ ಮೇಲ್ಮನವಿ ಪೀಠವನ್ನು ಮಾರಿಷಸ್ ಇಂದಿಗೂ ಉಳಿಸಿಕೊಂಡಿದೆ. 2021ರ ಜೂನ್ 14ರಂದು ಪ್ರಿವಿ ಕೌನ್ಸಿಲ್ ಮಧ್ಯಸ್ಥಿಕೆಯ ಆದೇಶವನ್ನೇ ಎತ್ತಿಹಿಡಿಯಿತು. ಕರಾರು ಕಾನೂನುಬದ್ಧವೇ ಎಂಬುದನ್ನು ಮಧ್ಯಸ್ಥಗಾರ ಒಮ್ಮೆ ತೀರ್ಮಾನಿಸಿದ ಮೇಲೆ ಕೋರ್ಟು ಅದನ್ನು ಮತ್ತೆ ಬಗೆದು ನೋಡುವಂತಿಲ್ಲ ಎಂದಿತು. ಜಗತ್ತಿನ ಮಧ್ಯಸ್ಥಿಕೆ ವಕೀಲರು ಈಗಲೂ ಉಲ್ಲೇಖಿಸುವ ತೀರ್ಪು ಅದು. ಅದರ ವಾಸ್ತವಾಂಶಗಳ ಭಾಗದಲ್ಲಿ ಮಂಗಳೂರಿನ ಹೆಸರು ಇದೆ.

ಇಷ್ಟೆಲ್ಲ ಗದ್ದಲದ ನಡುವೆ ಎಣ್ಣೆ ಮಾತ್ರ ನಿಲ್ಲಲಿಲ್ಲ. ಅಲ್ಲಿ ಸರ್ಕಾರ ಬದಲಾಗಿತ್ತು, ಹಡಗಿನ ಗುತ್ತಿಗೆ ರದ್ದಾಗಿತ್ತು, ಹಿಂದಿನ ಸರ್ಕಾರದ ಪ್ರತಿ ಕಡತವನ್ನೂ ಅನುಮಾನದಿಂದ ತೆರೆಯಲಾಗುತ್ತಿತ್ತು. ಆದರೂ 2016ರಲ್ಲಿ ಎಂಆರ್‌ಪಿಎಲ್ ಒಪ್ಪಂದ ಮತ್ತೆ ಮೂರು ವರ್ಷಕ್ಕೆ ನವೀಕರಣವಾಯಿತು. ಕಾರಣ ಕಂಡುಹಿಡಿಯಲು ದೊಡ್ಡ ವಿಶ್ಲೇಷಣೆ ಬೇಡ. ಅವಧಿ ಮೂರು ವರ್ಷ ಎಂಬುದು ಅವರ ಪತ್ರಿಕೆ ಓದುವವರಿಗೆಲ್ಲ ಗೊತ್ತಿತ್ತು. ಬೇಡವೆಂದರೆ ಮುಂದಿನ ಸಲ ಸಹಿ ಹಾಕದಿದ್ದರೆ ಮುಗಿಯಿತು. 2019ರಲ್ಲಿ ಹಾಗೆಯೇ ಆಯಿತು. ಮಾರಿಷಸ್ ಟೆಂಡರ್ ಮೂಲಕ ಅಂತರರಾಷ್ಟ್ರೀಯ ವ್ಯಾಪಾರಿ ಕಂಪನಿಯೊಂದರ ಕಡೆ ಹೋಯಿತು. ಮಂಗಳೂರಿಗೆ ಗಿರಾಕಿ ತಪ್ಪಿತು, ದೆಹಲಿ–ಪೋರ್ಟ್ ಲೂಯಿ ಸಂಬಂಧಕ್ಕೆ ಒಂದು ಗೀರೂ ಬೀಳಲಿಲ್ಲ. 2020ರ ಜುಲೈನಲ್ಲಿ ಭಾರತದ ನೆರವಿನಿಂದ ಕಟ್ಟಿದ ಸುಪ್ರೀಂ ಕೋರ್ಟ್ ಕಟ್ಟಡ ಉದ್ಘಾಟನೆಯಾಯಿತು. ಹವಳದ ದಿಬ್ಬಕ್ಕೆ ಬಡಿದಿದ್ದ ‘ವಕಾಶಿಯೊ’ ಹಡಗಿನಿಂದ ಅದೇ ಆಗಸ್ಟ್‌ನಲ್ಲಿ ಎಣ್ಣೆ ಸೋರಿದಾಗ ಭಾರತ 30 ಟನ್ ಸಲಕರಣೆಯ ಜೊತೆ ಕರಾವಳಿ ಕಾವಲು ಪಡೆಯ ಹತ್ತು ಜನರನ್ನು ಕಳಿಸಿತು. 2021ರ ಫೆಬ್ರುವರಿಯಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಆಫ್ರಿಕಾ ವಲಯದ ದೇಶವೊಂದರ ಜೊತೆ ಭಾರತ ಮಾಡಿಕೊಂಡ ಮೊದಲ ಅಂಥ ಒಪ್ಪಂದ ಅದು. ಕಳೆದುಕೊಂಡರೂ ಸಿಟ್ಟಾಗದ ಅಂಗಡಿಯವನ ಹತ್ತಿರ ಗಿರಾಕಿ ಮತ್ತೆ ಮಾತಾಡಿಸಲು ಅಂಜುವುದಿಲ್ಲ.

ಪೀಣ್ಯದ ಕಥೆಯೂ ಹೀಗೆಯೇ, ಸದ್ದಿಲ್ಲದ್ದು. ಇಸ್ರೊ ಉಡಾವಣೆಗಳನ್ನು ಟಿವಿಯಲ್ಲಿ ನೋಡುವಾಗ ನಮ್ಮ ಕಣ್ಣು ಶ್ರೀಹರಿಕೋಟಾದ ಹೊಗೆಯ ಮೇಲೆ. ಆದರೆ ರಾಕೆಟ್ ಬಾನಂಚು ದಾಟಿದ ಮೇಲೆ ಅದರ ಮಾತು ಕೇಳಿಸಿಕೊಳ್ಳಲು ಭೂಮಿಯ ಬೇರೆ ಬೇರೆ ಕಡೆ ಕಿವಿಗಳು ಬೇಕು. ಆ ಕಿವಿಗಳ ಜಾಲವನ್ನು ನಡೆಸುವುದು ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್. ಅದರ ಒಂದು ಹಳೆಯ ಕಿವಿ ಮಾರಿಷಸ್‌ನಲ್ಲಿದೆ, 1980ರ ದಶಕದ ಒಪ್ಪಂದದ ಫಲ. ಅಲ್ಲಿ ಎಷ್ಟು ಸರ್ಕಾರ ಬಂದು ಹೋದವು, ಆ ನೆಲೆಯನ್ನು ತೆಗೆಯಿರಿ ಎಂದು ಯಾವ ಪಕ್ಷವೂ ಚುನಾವಣೆಯಲ್ಲಿ ಕೂಗಿದ್ದಿಲ್ಲ. ಅದು ಏನು ಮಾಡುತ್ತದೆ ಎಂಬುದರಲ್ಲಿ ಗುಟ್ಟಿಲ್ಲ.

ನೆಲದ ಮೇಲೆ ಕಿವಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಂಗಳಯಾನ ಸಾಕ್ಷಿ. ರಾಕೆಟ್‌ನ ನಾಲ್ಕನೇ ಹಂತ ಉರಿಯುವುದು ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ. ಅಲ್ಲಿ ನಮ್ಮ ನೆಲೆಗಳಿರಲಿಲ್ಲ. ಹಾಗಾಗಿ ಎಸ್‌ಸಿಐ ನಳಂದ, ಎಸ್‌ಸಿಐ ಯಮುನಾ ಎಂಬ ಎರಡು ಹಡಗುಗಳಿಗೆ ಆಂಟೆನಾ ಏರಿಸಿ ಫಿಜಿ ಕಡೆ ಕಳಿಸಿದರು. ಕೆಟ್ಟ ಹವೆಯಿಂದ ನಳಂದ ತಡವಾಯಿತು. 2013ರ ಅಕ್ಟೋಬರ್ 28ಕ್ಕೆ ನಿಗದಿಯಾಗಿದ್ದ ಉಡಾವಣೆ ನವೆಂಬರ್ 5ಕ್ಕೆ ಹೋಯಿತು. ಮಂಗಳ ಗ್ರಹಕ್ಕೆ ಹೊರಟ ದೇಶ, ಒಂದು ದ್ವೀಪದ ಬಳಿ ಹಡಗು ತಲುಪಲಿಲ್ಲವೆಂದು ಒಂದು ವಾರ ಕಾಯಿತು. ದೂರದ ಚಿಕ್ಕ ದ್ವೀಪಗಳಿಗೆ ‘ಯಾಕೆ ಕೊಡಬೇಕು’ ಎಂದು ಕೇಳುವವರಿಗೆ ನಾನು ಹೇಳುವ ಮೊದಲ ಉತ್ತರ ಇದೇ. ಅವರ ಹತ್ತಿರ ಜಾಗವಿದೆ. ಭೂಪಟದಲ್ಲಿ ಸರಿಯಾದ ಜಾಗದಲ್ಲಿ ಇರುವುದೇ ಒಂದು ಆಸ್ತಿ.

ಇನ್ನೂ ಎರಡು ಆಸ್ತಿಗಳಿವೆ. ಒಂದು, ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಅವರ ಮತಕ್ಕೂ ನಮ್ಮ ಮತಕ್ಕೂ ಒಂದೇ ತೂಕ. ಇನ್ನೊಂದು, ಕಾಗದ. ಬೆಂಗಳೂರಿನ ಸ್ಟಾರ್ಟ್‌ಅಪ್‌ಗಳಲ್ಲಿ ಕೆಲಸ ಮಾಡಿದವರು ‘ಮಾರಿಷಸ್ ಮಾರ್ಗ’ ಎಂಬ ಮಾತು ಕೇಳಿರುತ್ತೀರಿ. 1980ರ ದಶಕದ ತೆರಿಗೆ ಒಪ್ಪಂದದಿಂದಾಗಿ ವಿದೇಶಿ ಬಂಡವಾಳ ಆ ದ್ವೀಪದಲ್ಲಿ ಒಂದು ಕಚೇರಿಯ ಫಲಕ ತಗುಲಿಸಿ ಭಾರತಕ್ಕೆ ಬರುತ್ತಿತ್ತು, ಷೇರು ಮಾರಿದ ಲಾಭಕ್ಕೆ ಇಲ್ಲಿ ತೆರಿಗೆ ಇರಲಿಲ್ಲ. ನಮ್ಮ ದೇಶಕ್ಕೆ ಬರುವ ನೇರ ವಿದೇಶಿ ಹೂಡಿಕೆಯ ಪಟ್ಟಿಯಲ್ಲಿ ಎಷ್ಟೋ ವರ್ಷ ಮಾರಿಷಸ್‌ದೇ ಮೊದಲ ಹೆಸರು. 2016ರ ಮೇ ತಿಂಗಳಲ್ಲಿ ತಿದ್ದುಪಡಿಯಾಗಿ, 2017ರ ಏಪ್ರಿಲ್ 1ರ ನಂತರ ಕೊಂಡ ಷೇರುಗಳಿಗೆ ಆ ವಿನಾಯಿತಿ ಹೋಯಿತು. ದ್ವೀಪಕ್ಕೆ ಅದು ಸಣ್ಣ ಪೆಟ್ಟೇನಲ್ಲ. ಆದರೂ ಮಾತುಕತೆ ವರ್ಷಗಟ್ಟಲೆ ಬಹಿರಂಗವಾಗಿ ನಡೆದಿತ್ತು, ಬದಲಾವಣೆಗೆ ಅವಧಿ ಕೊಡಲಾಗಿತ್ತು. ನುಂಗಿಕೊಂಡರು.

ಈಗ ಬೀಗ ಹಾಕಿದ ಕಪಾಟಿನ ಕಡೆ ಬರೋಣ.

ಸೇಶೆಲ್ಸ್‌ನ ಅಸಂಪ್ಷನ್ ದ್ವೀಪ ಹನ್ನೊಂದು–ಹನ್ನೆರಡು ಚದರ ಕಿ.ಮೀ. ನೆಲ. ಪಕ್ಕದಲ್ಲೇ ದೈತ್ಯ ಆಮೆಗಳ ಅಲ್ದಾಬ್ರಾ ಹವಳದ್ವೀಪ, ಯುನೆಸ್ಕೊ ಪರಂಪರೆಯ ತಾಣ. ಅಲ್ಲಿ ವಿಮಾನದ ಪಟ್ಟಿ, ಜೆಟ್ಟಿ ಕಟ್ಟಲು 2015ರಲ್ಲಿ ಭಾರತ ಒಪ್ಪಂದ ಮಾಡಿಕೊಂಡಿತು. 2018ರ ಜನವರಿ 27ರಂದು ಪರಿಷ್ಕೃತ ಒಪ್ಪಂದಕ್ಕೆ ಸಹಿ ಬಿತ್ತು. ಅವಧಿ 20 ವರ್ಷ. ಜನರಿಗೆ ಅದರ ಪಠ್ಯ ಸಿಕ್ಕದ್ದು ಸರ್ಕಾರದಿಂದಲ್ಲ, ಮಾರ್ಚ್‌ನಲ್ಲಿ ಅದು ಸೋರಿಕೆಯಾದಾಗ. ಹೀಗೆ ಸಿಕ್ಕಿದ ಕಾಗದದಲ್ಲಿ ಒಳ್ಳೆಯ ಷರತ್ತು ಇದ್ದರೂ ಯಾರೂ ನಂಬುವುದಿಲ್ಲ. ಬೀದಿಯಲ್ಲಿ ಪ್ರತಿಭಟನೆ ನಡೆಯಿತು. ಸಂಸತ್ತಿನಲ್ಲಿ ಬಹುಮತವಿದ್ದ ವಿರೋಧ ಪಕ್ಷ ಅನುಮೋದಿಸುವುದಿಲ್ಲ ಎಂದಿತು. ಜೂನ್‌ನಲ್ಲಿ ಅಧ್ಯಕ್ಷ ಡ್ಯಾನಿ ಫೋರ್ ದೆಹಲಿಗೆ ಬಂದಾಗ ಇಬ್ಬರೂ ‘ಪರಸ್ಪರ ಹಿತ’ದ ಮಾತಾಡಿದರು. ಯೋಜನೆ ಅಲ್ಲಿಗೇ ನಿಂತಿತು.

ವಿರೋಧದ ಮುಂಚೂಣಿಯಲ್ಲಿದ್ದವರು ವೇವಲ್ ರಾಮಕಲಾವನ್. ಅವರ ಪೂರ್ವಜರು ಬಿಹಾರದ ಗೋಪಾಲ್‌ಗಂಜ್‌ನವರು. ನಮ್ಮ ಕಾಕಾನ ‘ಆಪ್ಲಂಚ್’ ಮಾತಿಗೆ ಇಲ್ಲಿ ಉತ್ತರವಿದೆ. ಬಿಹಾರದ ರಕ್ತವೇ ಭಾರತದ ಯೋಜನೆಗೆ ಬೇಡ ಎಂದಿತು, ಮತ್ತು ಅದು ಸರಿಯಾಗಿಯೇ ಇತ್ತು. ಅವರು ಸೇಶೆಲ್ಸ್ ಜನರ ಪ್ರತಿನಿಧಿ, ಗೋಪಾಲ್‌ಗಂಜ್‌ನ ಪ್ರತಿನಿಧಿ ಅಲ್ಲ. 2020ರಲ್ಲಿ ಅವರೇ ಅಧ್ಯಕ್ಷರಾದಾಗ ನಮ್ಮ ವಿದೇಶಾಂಗ ಸಚಿವರು ಒಂದೇ ತಿಂಗಳಲ್ಲಿ ಹೋಗಿ ಭೇಟಿಯಾದರು. ಆ ಸಚಿವರು ಜೈಶಂಕರ್, 2018ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿ ಅದೇ ಒಪ್ಪಂದಕ್ಕೆ ಅಲ್ಲಿ ಹೋಗಿ ಸಹಿ ಹಾಕಿದ್ದವರು. ಸಂಬಂಧ ಮುರಿಯಲಿಲ್ಲ, ಯೋಜನೆ ಮಾತ್ರ ಹೋಯಿತು.

ಮಾರಿಷಸ್‌ನಲ್ಲೂ ಕಾಕಾನ ಪ್ರೀತಿಗೆ ಆಧಾರ ಇಲ್ಲವೆಂದಲ್ಲ. ಅಲ್ಲಿನ ಜನರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಭಾರತ ಮೂಲದವರು. ರತ್ನಾಗಿರಿ ಕಡೆಯಿಂದ ಕಬ್ಬಿನ ಗದ್ದೆಗೆ ಕೂಲಿಗಳಾಗಿ ಹೋದ ಮರಾಠಿ ಕುಟುಂಬಗಳೂ ಅದರಲ್ಲಿವೆ. ಗಣೇಶ ಚತುರ್ಥಿಗೆ ಸಾರ್ವಜನಿಕ ರಜೆ ಇದೆ. ಪುಣೆಯವರು ಹೆಮ್ಮೆಪಡುವುದು ಸಹಜ. ಆದರೆ ಹಬ್ಬದ ರಜೆ ಕೊಟ್ಟ ದೇಶ ವಿಮಾನ ಪಟ್ಟಿಗೂ ಕಣ್ಣುಮುಚ್ಚಿ ಸಹಿ ಹಾಕುತ್ತದೆ ಎಂದುಕೊಂಡರೆ ಅದು ಅವರಿಗೆ ಮಾಡುವ ಅವಮಾನ. ಪುಣೆಯಲ್ಲಿ ಹತ್ತು ವರ್ಷವಿದ್ದು ಫ್ಲ್ಯಾಟ್ ಕೊಂಡ ನಾನು ಇಲ್ಲಿನ ಪಾಲಿಕೆ ಚುನಾವಣೆಯಲ್ಲಿ ಮತ ಹಾಕುವುದು ಕರ್ವೆ ರಸ್ತೆಯ ಟ್ರಾಫಿಕ್ ನೋಡಿ, ಧಾರವಾಡದ ರಾಜಕೀಯ ನೋಡಿ ಅಲ್ಲ. ಹೊರನಾಡಿನಲ್ಲಿ ಬಾಳುವ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು.

ಅಗಲೇಗಾದ ವಿಷಯ ಇನ್ನೂ ಸೂಕ್ಷ್ಮ. ಮಾರಿಷಸ್‌ನ ಮುಖ್ಯ ದ್ವೀಪದಿಂದ ಸುಮಾರು 1,100 ಕಿ.ಮೀ. ಉತ್ತರಕ್ಕಿರುವ ಜೋಡಿ ದ್ವೀಪ ಅದು. ತೆಂಗು, ಮೀನು, ಸುಮಾರು 300 ಜನ. 2015ರ ಮಾರ್ಚ್‌ನ ಒಪ್ಪಂದದಂತೆ ಭಾರತ ಅಲ್ಲಿ ಮೂರು ಕಿ.ಮೀ. ಉದ್ದದ ವಿಮಾನ ಪಟ್ಟಿ, ಜೆಟ್ಟಿ ಕಟ್ಟಿತು. 2024ರ ಫೆಬ್ರುವರಿ 29ರಂದು ಉದ್ಘಾಟನೆಯಾಯಿತು. ಇದು ಸೇನಾ ನೆಲೆ ಅಲ್ಲ ಎಂದು ಅಲ್ಲಿನ ಸರ್ಕಾರ ಪದೇ ಪದೇ ಹೇಳಿದೆ. ಅವರ ಮಾತನ್ನು ಸುಳ್ಳೆನ್ನಲು ನನ್ನ ಬಳಿ ಆಧಾರವಿಲ್ಲ. ಆದರೆ ಒಪ್ಪಂದದ ಪಠ್ಯವನ್ನು ಕೇಳಿದವರಿಗೆ ಅದು ಸಿಗಲಿಲ್ಲ. ಬೇನೆ ಬಂದ ಬಸುರಿಯನ್ನು ಆಸ್ಪತ್ರೆಗೆ ಒಯ್ಯಲು ಆ ಪಟ್ಟಿ ಬೇಕು, ಅದು ನಿಜವಾದ ಅಗತ್ಯ. 300 ಜನಕ್ಕೆ ಮೂರು ಕಿ.ಮೀ. ಪಟ್ಟಿ ಬೇಕೇ ಎಂಬ ಪ್ರಶ್ನೆಯೂ ಅಷ್ಟೇ ನಿಜ. ಹಿಂದೂ ಮಹಾಸಾಗರದಲ್ಲಿ ಕಡಲ್ಗಾವಲು ವಿಮಾನಗಳಿಗೆ ಇಳಿದಾಣ ಬೇಕಿದ್ದರೆ ಹಾಗೆಂದೇ ಹೇಳಿ, ಎಷ್ಟು ವರ್ಷ, ಯಾರ ಆಜ್ಞೆಯಡಿ ಎಂದು ತಿಳಿಸಿದರೆ ಕಳೆದುಕೊಳ್ಳುವುದೇನು? ರಾಡಾರ್‌ನ ವ್ಯಾಪ್ತಿಯನ್ನು ಯಾರೂ ಕೇಳುತ್ತಿಲ್ಲ. ಚೀನಾ ಕಣ್ಣಿಟ್ಟಿರುವ ಸಾಗರದಲ್ಲಿ ಎಲ್ಲವನ್ನೂ ಬಿಚ್ಚಿಡಲಾಗದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಉಪಗ್ರಹ ಚಿತ್ರದಲ್ಲಿ ಪಟ್ಟಿಯ ಪ್ರತಿ ಮೀಟರ್ ಚೀನಾಕ್ಕೆ ಕಾಣುತ್ತದೆ ಎಂಬುದನ್ನೂ ಒಪ್ಪಬೇಕಾಗುತ್ತದೆ. ಕಾಣದೇ ಉಳಿಯುವುದು ಅಗಲೇಗಾದವರಿಗೆ ಮಾತ್ರ.

ಮಾಲ್ದೀವ್ಸ್‌ನಲ್ಲಿ ಈ ಗುಟ್ಟಿನ ಬೆಲೆ ನಾವು ಪೂರ್ತಿ ತೆತ್ತೆವು. ಅದು ಮಂಗಳೂರಿನಿಂದ ಸಾವಿರ ಕಿ.ಮೀ. ಒಳಗೇ ಇದೆ. 1988ರ ನವೆಂಬರ್‌ನಲ್ಲಿ ಬಾಡಿಗೆ ಬಂಟರ ದಂಗೆಯಿಂದ ಆ ಸರ್ಕಾರವನ್ನು ಉಳಿಸಿದ್ದು ನಮ್ಮ ಸೇನೆ. 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದಾಗ ಕುಡಿಯುವ ನೀರು ಹೊತ್ತು ಹೋದದ್ದೂ ನಮ್ಮ ವಿಮಾನ, ಹಡಗುಗಳೇ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಎರಡು ಧ್ರುವ್ ಹೆಲಿಕಾಪ್ಟರ್‌ಗಳು ಅಲ್ಲಿನ ದೂರದ ದ್ವೀಪಗಳಿಂದ ರೋಗಿಗಳನ್ನು ಮಾಲೆಗೆ ತರುತ್ತಿದ್ದವು. ಇಷ್ಟು ಸದ್ಭಾವನೆ ಇದ್ದ ಕಡೆ ‘ಇಂಡಿಯಾ ಔಟ್’ ಎಂಬ ಘೋಷಣೆ ಹೇಗೆ ಬೆಳೆಯಿತು? ಹಲವು ಕಾರಣ. ಅಲ್ಲಿನ ಪಕ್ಷ ರಾಜಕೀಯ ದೊಡ್ಡದು. ಆದರೆ 2021ರ ಫೆಬ್ರುವರಿಯಲ್ಲಿ ಸಹಿಯಾದ ಉಥುರು ಥಿಲಾ ಫಲ್ಹು ಬಂದರು ಒಪ್ಪಂದವನ್ನು ಪ್ರಕಟಿಸಲು ನಿರಾಕರಿಸಿದ್ದು ಆ ಬೆಂಕಿಗೆ ಬೇಕಾದಷ್ಟು ಸೌದೆ ಒದಗಿಸಿತು. ಹೆಲಿಕಾಪ್ಟರ್ ನಡೆಸುವ ಬೆರಳೆಣಿಕೆಯ ಯೋಧರು ವದಂತಿಯಲ್ಲಿ ಒಂದು ಪಡೆಯಾಗಿ ಬೆಳೆದರು. 2023ರ ಸೆಪ್ಟೆಂಬರ್‌ನಲ್ಲಿ ಮೊಹಮ್ಮದ್ ಮುಯಿಝು ಗೆದ್ದರು. 2024ರ ಮೇ 10ರೊಳಗೆ ನಮ್ಮ ಸೈನಿಕ ಸಿಬ್ಬಂದಿ ಹೊರಟು ಬಂದರು. ಎಣಿಸಿದರೆ 76 ಜನ!

ಅವರ ಜಾಗಕ್ಕೆ ಯಾರು ಹೋದರು ಗೊತ್ತೇ? ಎಚ್‌ಎಎಲ್‌ನ ಸಿವಿಲಿಯನ್ ನೌಕರರು. ಅದೇ ಹೆಲಿಕಾಪ್ಟರ್, ಅದೇ ರೋಗಿಗಳು, ಸಮವಸ್ತ್ರ ಮಾತ್ರ ಇಲ್ಲ. ಇಷ್ಟು ಸರಳವಾದ ಏರ್ಪಾಡನ್ನು ಮೊದಲೇ ಮಾಡಿ, ಎಷ್ಟು ಜನ, ಏನು ಕೆಲಸ ಎಂಬ ಪಟ್ಟಿಯನ್ನು ಮಾಲೆಯ ಪತ್ರಿಕೆಗಳಿಗೆ ಕೊಟ್ಟಿದ್ದರೆ ಘೋಷಣೆಗೆ ಹಿಡಿಯಲು ಕೈ ಸಿಗುತ್ತಿರಲಿಲ್ಲ.

ಆ ದಿನಗಳಲ್ಲಿ ನಾವೇನು ಮಾಡುತ್ತಿದ್ದೆವು ಎಂಬುದನ್ನೂ ನೆನಪಿಸಿಕೊಳ್ಳಬೇಕು. 2024ರ ಜನವರಿಯಲ್ಲಿ ಅಲ್ಲಿನ ಮೂವರು ಕಿರಿಯ ಸಚಿವರು ನಮ್ಮ ಪ್ರಧಾನಿಯ ಬಗ್ಗೆ ಕೀಳಾಗಿ ಬರೆದು ಅಮಾನತಾದರು. ಇಲ್ಲಿ ಬಹಿಷ್ಕಾರದ ಕರೆ ಎದ್ದಿತು. ಐಟಿ ಜನರ ಗುಂಪುಗಳಲ್ಲಿ ರದ್ದು ಮಾಡಿದ ಟಿಕೆಟ್‌ನ ಚಿತ್ರ ಹಾಕುವ ಪೈಪೋಟಿ. 2023ರಲ್ಲಿ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರ ಸಂಖ್ಯೆ 2024ರಲ್ಲಿ ಸುಮಾರು 1.3 ಲಕ್ಷಕ್ಕೆ ಇಳಿಯಿತು. ಅದೇ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ಏನು ಮಾಡಿತು ನೋಡಿ. ನಮ್ಮಲ್ಲಿ ರಫ್ತು ನಿರ್ಬಂಧವಿದ್ದ ಸರಕುಗಳನ್ನೂ ಮಾಲ್ದೀವ್ಸ್‌ಗೆ ಬಿಟ್ಟಿತು. 42 ಕೋಟಿಗೂ ಹೆಚ್ಚು ಮೊಟ್ಟೆ, ಅಕ್ಕಿ, ಗೋಧಿಹಿಟ್ಟು, ಸಕ್ಕರೆ, ಈರುಳ್ಳಿ, ಹತ್ತು ಲಕ್ಷ ಟನ್ ಹೊಳೆಯ ಮರಳು, ಅಷ್ಟೇ ಜಲ್ಲಿ. 1981ರ ವ್ಯಾಪಾರ ಒಪ್ಪಂದ ಶುರುವಾದಾಗಿನಿಂದ ಅತಿ ಹೆಚ್ಚಿನ ಪ್ರಮಾಣ. ಯೋಧರನ್ನು ಹೊರಗೆ ಕಳಿಸಿ ಎಂದ ಸರ್ಕಾರಕ್ಕೇ ಇದು! ನಮ್ಮ ಟಿಕೆಟ್ ಬಹಿಷ್ಕಾರಕ್ಕಿಂತ ಈ ಮೊಟ್ಟೆಯ ಲೆಕ್ಕ ಮುಯಿಝು ಅವರನ್ನು ಹೆಚ್ಚು ಯೋಚಿಸುವಂತೆ ಮಾಡಿತು ಎಂಬುದು ನನ್ನ ಅಂದಾಜು. ಅಕ್ಟೋಬರ್‌ನಲ್ಲಿ ಅವರು ದೆಹಲಿಗೆ ಬಂದರು, ಕರೆನ್ಸಿ ವಿನಿಮಯದ ನೆರವು ಪಡೆದರು. 2025ರ ಜುಲೈ 26ರಂದು ಅವರ ಸ್ವಾತಂತ್ರ್ಯದ ಅರವತ್ತನೇ ವರ್ಷಾಚರಣೆಗೆ ನಮ್ಮ ಪ್ರಧಾನಿಯೇ ಅತಿಥಿ.

ಇದರ ಬೆಲೆ ತೆತ್ತವರೂ ಇದ್ದಾರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2023ರ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತು ನಿಷೇಧಿಸಿ, ಆಮೇಲೆ ಮಾರಿಷಸ್ ಸೇರಿ ಆರು ದೇಶಗಳಿಗೆ 99,150 ಟನ್ ಕೊಡಲು ಒಪ್ಪಿದಾಗ ನಾಸಿಕ್‌ನ ರೈತರು ಸಿಟ್ಟಾದರು. ಮುಕ್ತ ಮಾರುಕಟ್ಟೆಯಲ್ಲಿ ಸಿಗಬಹುದಾಗಿದ್ದ ಬೆಲೆ ಅವರ ಕೈತಪ್ಪಿತ್ತು. ಸ್ನೇಹಕ್ಕೆ ಸರ್ಕಾರ ಕೊಡುವ ಉಡುಗೊರೆಯ ಬಿಲ್ಲು ಕೆಲವೊಮ್ಮೆ ಲಾಸಲ್‌ಗಾಂವ್‌ನ ಸಂತೆಯಲ್ಲಿ ತುಂಬಬೇಕಾಗುತ್ತದೆ. ನಮ್ಮ ಸಂಸತ್ತಿನಲ್ಲೂ ಈ ಲೆಕ್ಕ ತೆರೆದಿರಬೇಕು ಎನ್ನುವುದಕ್ಕೆ ಇಷ್ಟು ಕಾರಣ ಸಾಕು. ಕರಾರಿನ ಪಠ್ಯ ಕೇಳುವ ಹಕ್ಕು ದ್ವೀಪದವರಿಗೆ ಇರುವಷ್ಟೇ ನಮಗೂ ಇದೆ.

ವಾರಾಣಸಿಯ ಭೇಟಿಗೆ ಮರಳುತ್ತೇನೆ. ರಾಮಗೂಲಂ 2024ರ ನವೆಂಬರ್‌ನಲ್ಲಿ 62ರಲ್ಲಿ 60 ಸ್ಥಾನ ಗೆದ್ದು ಮತ್ತೆ ಪ್ರಧಾನಿಯಾದವರು. ಅಗಲೇಗಾ ಒಪ್ಪಂದ ನಡೆಸಿದ್ದು ಅವರ ಎದುರಾಳಿ. ಚಾಗೋಸ್ ದ್ವೀಪಗಳ ಮೇಲಿನ ಮಾರಿಷಸ್ ಹಕ್ಕಿಗೆ ಭಾರತ ಮೊದಲಿಂದಲೂ ಬೆಂಬಲ ಕೊಟ್ಟಿದೆ. 2019ರ ಮೇ 22ರಂದು ವಿಶ್ವಸಂಸ್ಥೆಯಲ್ಲಿ 116 ದೇಶಗಳು ಪರ, 6 ವಿರೋಧ. (ಆ ಆರರಲ್ಲಿ ಮಾಲ್ದೀವ್ಸ್ ಕೂಡ ಇತ್ತು. ಎಲ್ಲ ದ್ವೀಪಗಳೂ ಒಂದೇ ಎಂದುಕೊಳ್ಳಬೇಡಿ, ಅವರಿಗೆ ಕಡಲ ಗಡಿಯ ಜಗಳವಿತ್ತು.) 2025ರ ಮೇ 22ರಂದು ಬ್ರಿಟನ್ ಆ ದ್ವೀಪಗಳನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಡಿಯೇಗೊ ಗಾರ್ಸಿಯಾ ನೆಲೆಯನ್ನು 99 ವರ್ಷ ತನ್ನಲ್ಲೇ ಇಟ್ಟುಕೊಂಡು, ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್ ಬಾಡಿಗೆ ಕೊಡುವುದಾಗಿ ಒಪ್ಪಿಕೊಂಡಿತು. ಆ ಒಪ್ಪಂದದ ಪಠ್ಯ ಅದೇ ದಿನ ಬ್ರಿಟನ್‌ನ ಸಂಸತ್ತಿನ ಮುಂದೆ ಬಂತು. ಅದನ್ನು ಬೈಯುವವರು ಕೂಡ ಓದಿ ಬೈಯುತ್ತಿದ್ದಾರೆ. ವಸಾಹತು ದೊರೆ ಬಾಡಿಗೆಯ ಮೊತ್ತ ಹೇಳುವಾಗ, ಸ್ನೇಹಿತ ಎನ್ನಿಸಿಕೊಂಡ ನಾವು ಅಗಲೇಗಾದ ಷರತ್ತು ಹೇಳದಿರುವುದು ಚೆನ್ನಾಗಿ ಕಾಣುವುದಿಲ್ಲ.

ವಾರಾಣಸಿಯಲ್ಲಿ ಸಹಿಯಾದ ಕಡತಗಳಲ್ಲಿ ಉಪಗ್ರಹ ಮತ್ತು ರಾಕೆಟ್‌ಗಳ ಜಾಡು ಹಿಡಿಯುವ ನೆಲೆಯ ಹೊಸ ಒಪ್ಪಂದವೂ ಒಂದು. ಪೀಣ್ಯದ ಆ ಹಳೆಯ ಕಿವಿಗೆ ಹೊಸ ಕಾಗದ. 68 ಕೋಟಿ ಡಾಲರ್‌ಗಿಂತ ಅದರ ಬಗ್ಗೆಯೇ ನನಗೆ ಕುತೂಹಲ. ಅವಧಿ ಎಷ್ಟು, ನೆಲೆಯಲ್ಲಿ ಮಾರಿಷಸ್‌ನ ಎಂಜಿನಿಯರ್‌ಗಳು ಎಷ್ಟು ಜನ ಕೆಲಸ ಮಾಡುತ್ತಾರೆ, ಹಿಡಿದ ದತ್ತಾಂಶದಲ್ಲಿ ಅವರಿಗೆ ಪಾಲಿದೆಯೇ, ಬೇಡವೆನಿಸಿದರೆ ಎಷ್ಟು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು. ಎಂಆರ್‌ಪಿಎಲ್‌ನ ಮೂರು ವರ್ಷದ ಕರಾರಿನಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರವಿತ್ತು. ಈ ಹೊಸ ಕಾಗದದಲ್ಲಿ ಏನಿದೆ ಎಂದು ಕೇಳಬೇಕಾದವರು ಪೋರ್ಟ್ ಲೂಯಿಯಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ, ದೆಹಲಿಯಲ್ಲಿ ನಾವು ಆರಿಸಿ ಕಳಿಸಿದ 28 ಜನ ಲೋಕಸಭಾ ಸದಸ್ಯರೂ ಇದ್ದಾರೆ.